ಹತ್ತು ಎಣಿಸುವಷ್ಟು ಹೊತ್ತು

ಮಗಳು ತೀರಿಕೊಂಡ ಇಪ್ಪತ್ತಾರನೆಯ ದಿನ, ಅವಳು ಪಾಠ ಮಾಡುತ್ತಿದ್ದ ಕಾನೂನು ವಿಭಾಗದ ಮುಖ್ಯಸ್ಥ ನಮ್ಮ ಮನೆಗೆ ಬಂದ. ಒಂದು ಕಾಲದಲ್ಲಿ ಅವನು ನನ್ನ ವಿದ್ಯಾರ್ಥಿ. ಈಗ ಅವನ ತಲೆಯೂ ನರೆತಿದೆ. ಆದರೂ ನನ್ನೆದುರು ಕುರ್ಚಿಯ ಅಂಚಿನಲ್ಲೇ ಕೂರುತ್ತಾನೆ. ಹೆಂಡತಿ ತಂದುಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

"ಮೇಷ್ಟ್ರೇ, ಅವರ ಕ್ಲಾಸು ಇನ್ನೂ ಮೂರು ಉಳಿದಿದೆ. ತಗೊಳ್ಳೋಕೆ ಯಾರೂ ಒಪ್ತಾ ಇಲ್ಲ. ಆ ಪದ್ಧತಿ ನಮ್ಮಲ್ಲಿ ಯಾರಿಗೂ ಬರೋದಿಲ್ಲ."

"ನನಗೆ ಬರುತ್ತೆ ಅಂತ ನಿನಗೆ ಯಾರು ಹೇಳಿದರು?"

"ನೀವು ಸುಮ್ಮನೆ ಕೂತಿದ್ದರೆ ಸಾಕು. ಹುಡುಗರು ತಾವೇ ನಡೆಸಿಕೊಳ್ತಾರೆ." ಅವನು ಲೋಟವನ್ನು ಕೆಳಗಿಟ್ಟ. "ಇನ್ನೊಂದು ವಿಷಯ. ತಿಂಗಳ ಕೊನೆಗೆ ಪಠ್ಯಕ್ರಮ ಸಮಿತಿ ಸೇರುತ್ತೆ. ಮೇಡಂ ಇಲ್ಲ ಅಂದ ಮೇಲೆ ಆ ಕ್ಲಾಸು ಯಾಕೆ, ನಿಮ್ಮ ಹಳೇ ನೋಟ್ಸನ್ನೇ ಅಚ್ಚು ಹಾಕಿಸಿ ಮೊದಲಿನ ಹಾಗೆ ಪಾಠ ಮಾಡಿಸೋಣ ಅಂತಾರೆ ಎಲ್ಲರೂ. ನೀವು ಎರಡು ಸಾಲು ಒಪ್ಪಿಗೆ ಬರೆದುಕೊಟ್ಟರೆ ಆಯ್ತು. ನಿಮ್ಮ ಮಾತು ಮೀರಿ ಯಾರೂ ಹೋಗೋದಿಲ್ಲ."

ನನ್ನ ನೋಟ್ಸಿನ ವಿಷಯ ಸ್ವಲ್ಪ ಹೇಳಬೇಕು. ಮೂವತ್ತನಾಲ್ಕು ವರ್ಷ ನಾನು ಆರು ನೋಟ್‌ಬುಕ್ಕುಗಳನ್ನು ಓದಿ ಬರೆಸಿದೆ. ನಾನು ಹೇಳಬೇಕು, ಅವರು ಬರೆದುಕೊಳ್ಳಬೇಕು. ಎಲ್ಲಿ ಕಾಮಾ, ಎಲ್ಲಿ ಫುಲ್‌ಸ್ಟಾಪ್ ಎಂಬುದನ್ನೂ ಹೇಳುತ್ತಿದ್ದೆನಾದ್ದರಿಂದ ನನಗೆ ಫುಲ್‌ಸ್ಟಾಪ್ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಹಿಂದಿನ ವರ್ಷದವರ ನೋಟ್ಸು ಮುಂದಿನ ವರ್ಷದವರ ಕೈಗೆ ಹೋಗುತ್ತಿತ್ತು. ಅದರ ಅಂಚಿನಲ್ಲಿ ಒಂದು ಕಡೆ ಯಾರೋ ಪೆನ್ಸಿಲಿನಿಂದ "ಇಲ್ಲಿ ಮೇಷ್ಟ್ರು ಕೆಮ್ಮುತ್ತಾರೆ" ಎಂದು ಬರೆದಿದ್ದರಂತೆ. ನಾನು ಪ್ರತಿ ವರ್ಷವೂ ಸರಿಯಾಗಿ ಅದೇ ಜಾಗದಲ್ಲಿ ಕೆಮ್ಮುತ್ತಿದ್ದೆನಂತೆ. ಇದನ್ನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಮಗಳೇ. ಅವಳೂ ನನ್ನ ಕ್ಲಾಸಿನಲ್ಲಿ ಕೂತು ಬರೆದುಕೊಂಡವಳು.

ಅವಳು ಅಧ್ಯಾಪಕಿಯಾದ ಮೇಲೆ ಏನನ್ನೂ ಬರೆಸಲಿಲ್ಲ. ಕಾನೂನನ್ನು ಮನೆಯಲ್ಲಿ ಓದಿಕೊಂಡು ಬನ್ನಿ, ಇಲ್ಲಿ ಮಾಡಿ ನೋಡೋಣ ಎನ್ನುತ್ತಿದ್ದಳು. ಬೆಂಚುಗಳನ್ನು ತೆಗೆಸಿ ಕುರ್ಚಿಗಳನ್ನು ದುಂಡಗೆ ಹಾಕಿಸಿದಳು. ಒಬ್ಬ ವಕೀಲ, ಒಬ್ಬ ಕಕ್ಷಿದಾರ, ಒಬ್ಬಳು ನ್ಯಾಯಾಧೀಶೆ. ಮುಂದಿನ ವಾರ ಅವರೇ ಅದಲು ಬದಲು. ನಾನು ಆಗ ನಿವೃತ್ತನಾಗಿದ್ದರೂ ಪಠ್ಯಕ್ರಮ ಸಮಿತಿಯಲ್ಲಿ ಹಿರಿಯ ಸದಸ್ಯನಾಗಿ ಉಳಿದಿದ್ದೆ. ಅವಳ ಪದ್ಧತಿ ಚರ್ಚೆಗೆ ಬಂದ ದಿನ, "ಇದು ಕಾನೂನಿನ ತರಗತಿಯೋ ನಾಟಕದ ಕಂಪನಿಯೋ?" ಎಂದೆ. ಎಲ್ಲರೂ ನಕ್ಕರು. ಅವಳು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ಕೊನೆಗೆ ಪ್ರಯೋಗಕ್ಕೆಂದು ಒಂದು ವರ್ಷ ಬಿಟ್ಟರು. ಅದೇ ವರ್ಷದಿಂದ ವರ್ಷಕ್ಕೆ ಮುಂದುವರಿಯಿತು.

ಅವತ್ತು ಮನೆಗೆ ಬಂದು ಅವಳು ಸಿಟ್ಟು ಮಾಡಲಿಲ್ಲ. "ಅಪ್ಪ, ಒಂದು ದಿನ ಬಂದು ಕೂತ್ಕೊಳ್ಳಿ. ನೋಡಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ" ಎಂದಳು. ನೋಡೋಣ ಎಂದೆ. ಆರು ವರ್ಷ ನೋಡೋಣ ಎನ್ನುತ್ತಲೇ ಇದ್ದೆ. ಒಂದು ಬೆಳಿಗ್ಗೆ ಸ್ನಾನದ ಮನೆಯ ಬಾಗಿಲಲ್ಲಿ ಕುಸಿದಳು. ತಲೆಯೊಳಗೆ ನರ ಒಡೆದಿದೆ ಎಂದರು ವೈದ್ಯರು. ನಲವತ್ತಮೂರು ವರ್ಷದ ಬಾಳು ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗಿತ್ತು.

ಮುಖ್ಯಸ್ಥ ಹೋದ ಮೇಲೆ ಹೆಂಡತಿ ಅವನು ಬಿಟ್ಟ ಚಹಾವನ್ನು ಗಿಡಕ್ಕೆ ಚೆಲ್ಲಿ ಬಂದಳು.

"ಹೋಗಿ ಬನ್ನಿ" ಎಂದಳು.

"ಹೋಗಿ ಏನು ಮಾಡಲಿ? ಆ ಆಟ ನನಗೆ ಬರೋದಿಲ್ಲ."

"ನಿಮಗೆ ಬರೋದು ಏನೂಂತ ನಾನೂ ನಲವತ್ತೇಳು ವರ್ಷದಿಂದ ನೋಡ್ತಾ ಇದ್ದೀನಿ. ಬರೆಸೋದೊಂದೇ. ಮಗು ಕರೆದಾಗ ಹೋಗಲಿಲ್ಲ. ಈಗ ಕರೆದವನು ಬೇರೆ ಇರಬಹುದು, ಹೋಗೋದು ಅವಳ ಕ್ಲಾಸಿಗೇ ಅಲ್ವೇನ್ರೀ?"

ಬೆಳಗಿನ ಪ್ರಾರ್ಥನೆಯನ್ನು ನಾನು ಐವತ್ತು ವರ್ಷದಲ್ಲಿ ತಪ್ಪಿಸಿದವನಲ್ಲ. ಮಗಳು ಹೋದ ಮೇಲೂ ತಪ್ಪಿಸಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಬಾಯಿ ತನ್ನ ಪಾಡಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತಿತ್ತು. ಒಳಗೆ ಮಾತ್ರ ರಜೆಯ ದಿನದ ಕೊಠಡಿಯ ಹಾಗೆ, ಯಾರೂ ಇಲ್ಲ. ಮಾರನೆಯ ಬೆಳಿಗ್ಗೆ ದೇವರಿಗೆ ಒಂದೇ ಮಾತು ಹೇಳಿದೆ. ಅವಳು ಕೂರಿಸಬೇಕೆಂದಿದ್ದ ಜಾಗದಲ್ಲಿ ಒಂದು ಸಲ ಕೂತು ಬರುತ್ತೇನೆ, ಅಷ್ಟು ಮಾಡಿಸು ಎಂದೆ.

ಕ್ಲಾಸು ಮಧ್ಯಾಹ್ನ ಎರಡಕ್ಕೆ. ಆ ಹೊತ್ತಿನ ಕಟ್ಟಡಕ್ಕೆ ಒಂದು ಬಗೆಯ ಜೊಂಪು ಹತ್ತಿರುತ್ತದೆ. ಉದ್ದದ ಕಾರಿಡಾರಿನಲ್ಲಿ ನನ್ನ ಚಪ್ಪಲಿಯ ಸದ್ದು ಬೇರೆ ಯಾರದೋ ಸದ್ದಿನಂತೆ ನನ್ನ ಹಿಂದೆ ಬಂತು. ಕೊಠಡಿಯಲ್ಲಿ ಅಟೆಂಡರ್ ಹೆಂಗಸು ಒಬ್ಬಳೇ ಕುರ್ಚಿ ಹಾಕುತ್ತಿದ್ದಳು. ನೆಲದ ಮೇಲೆ ದುಂಡಗೆ ಬಿಳಿಯ ಬಣ್ಣದ ಚುಕ್ಕೆಗಳಿದ್ದವು. ಒಂದೊಂದು ಕುರ್ಚಿಗೆ ನಾಲ್ಕು ಚುಕ್ಕೆ. ಅವಳು ಕುರ್ಚಿಯ ಕಾಲನ್ನು ಚುಕ್ಕೆಯ ಮೇಲಿಟ್ಟು, ಬಗ್ಗಿ ನೋಡಿ, ಮುಂದಿನದಕ್ಕೆ ಹೋಗುತ್ತಿದ್ದಳು. ದುಂಡು ಮುಗಿದ ಮೇಲೆ ಇನ್ನೊಂದು ಕುರ್ಚಿ ತಂದು, ಅದರಿಂದ ಹೊರಗೆ, ಕಿಟಕಿಯ ಪಕ್ಕದಲ್ಲಿ ಹಾಕಿದಳು. ಅಲ್ಲೂ ನಾಲ್ಕು ಚುಕ್ಕೆ ಇತ್ತು.

"ಅದು ಯಾರದಮ್ಮ?"

"ನಿಮ್ಮದೇ ಸಾರ್" ಎಂದಳು, ಸೆರಗಿನಿಂದ ಅದರ ಧೂಳು ಹೊಡೆಯುತ್ತಾ. "ಆರು ವರ್ಷದಿಂದ ಹಾಕ್ತಾ ಇದ್ದೀನಿ. ನಮ್ಮಪ್ಪ ಬಂದರೂ ಬರಬಹುದು, ಹಾಕಿರು ಅಂದಿದ್ರು ಮೇಡಂ. ಮೊದಮೊದಲು ನಂಗೆ ಸಿಟ್ಟು ಬರ್ತಿತ್ತು. ಬರದೇ ಇರೋ ಮನುಷ್ಯನಿಗೆ ದಿನಾ ಯಾಕೆ ಒರೆಸಬೇಕು ಅಂತ. ಆಮೇಲೆ ಕೈಗೆ ರೂಢಿಯಾಗಿ ಹೋಯ್ತು."

ನಾನು ಆ ಕುರ್ಚಿಯಲ್ಲಿ ಕೂತೆ. ಹೊರಗಿನ ಮರದ ನೆರಳು ಗಾಜಿನೊಳಗಿಂದ ಬಂದು ನೆಲದ ಮೇಲೆ ಮೆಲ್ಲನೆ ಆಡುತ್ತಿತ್ತು. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಚುಕ್ಕೆಗಳ ಮೇಲೆ ಕೂತರು. ಮಗಳ ಕುರ್ಚಿ ದುಂಡಿನೊಳಗೇ ಒಂದು, ಉಳಿದವುಗಳ ಹಾಗೆಯೇ. ಅದನ್ನು ಖಾಲಿ ಬಿಟ್ಟಿದ್ದರು.

ಅವತ್ತು ಅವರು ಒಂದು ಬಾಡಿಗೆಮನೆಯ ವ್ಯಾಜ್ಯವನ್ನು ರಾಜಿ ಮಾಡಿಸಿದರು. ನಾನು ಬಾಯಿ ತೆರೆಯಲಿಲ್ಲ. ಮಗಳು ಅವರಿಗೆಲ್ಲ ಅಡ್ಡಹೆಸರು ಇಟ್ಟಿದ್ದಳು. ಅವರೂ ಅದನ್ನೇ ಕರೆದುಕೊಳ್ಳುತ್ತಿದ್ದರು. ಎದ್ದರೆ ಕೂತರೆ ಕಲಮಿನ ಸಂಖ್ಯೆ ಹೇಳುವ ಹುಡುಗ ಸೆಕ್ಷನ್. ಯಾರು ಏನೆಂದರೂ ಅಡ್ಡ ಬರುವ ಹುಡುಗಿ ತಕರಾರು. ಕಿವಿ ಹತ್ತಿರ ತಂದರೂ ಕೇಳಿಸದಷ್ಟು ಸಣ್ಣಗೆ ಮಾತಾಡುವವಳು ಪಿಸುಮಾತು.

"ರೀ ಮನೆ ಮಾಲೀಕರೇ, ನಲ್ಲಿ ಸೋರ್ತಿದ್ದರೆ ಅದೂ ನಮ್ಮ ತಪ್ಪಾ?" ಎಂದಳು ತಕರಾರು, ಬಾಡಿಗೆದಾರಳ ಪರವಾಗಿ.

"ಕರಾರಿನ ಏಳನೇ ಕಲಮು..."

"ನಿನ್ನ ಏಳನೇ ಕಲಮನ್ನ ನಲ್ಲಿಗೆ ತುರುಕು ಮಾರಾಯಾ, ಸೋರೋದು ನಿಲ್ಲುತ್ತಾ ನೋಡೋಣ!"

ನಾನು ನಕ್ಕೆ. ಇಪ್ಪತ್ತೇಳು ದಿನದಲ್ಲಿ ಮೊದಲ ನಗು. ನಕ್ಕದ್ದು ನನಗೇ ತಡವಾಗಿ ತಿಳಿಯಿತು. ಅವರೆಲ್ಲ ತಿರುಗಿ ನೋಡಿದರು. ಖಾಲಿ ಕುರ್ಚಿಯೂ ಸ್ವಲ್ಪ ತಿರುಗಿದಂತೆ ಕಂಡಿತು. ಎರಡು ಗಂಟೆಯ ಬಿಸಿಲಿನಲ್ಲಿ ಮುದುಕರ ಕಣ್ಣಿಗೆ ಹಾಗೆಲ್ಲ ಕಾಣುತ್ತದೆ.

ಹೊರಡುವ ಮುನ್ನ ತಕರಾರು ನನ್ನ ಹತ್ತಿರ ಬಂದಳು. "ಸರ್, ಮುಂದಿನ ಕ್ಲಾಸು ಕಕ್ಷಿದಾರರ ಮಾತು ಕೇಳೋದು. ಕಕ್ಷಿದಾರರ ಪಾತ್ರ ಮೇಡಮ್ಮೇ ಮಾಡಬೇಕಾಗಿತ್ತು. ನೀವು ಮಾಡ್ತೀರಾ?"

"ನಾನಾ? ನನಗೆ ನಾಟಕ ಬರೋದಿಲ್ಲಮ್ಮ."

"ನಾಟಕ ಏನೂ ಇಲ್ಲ ಸರ್. ಕೇಳಿದ್ದಕ್ಕೆ ಉತ್ತರ ಹೇಳೋದಷ್ಟೇ. ಅವರ ಮೇಜಿನಲ್ಲಿ ಲಕೋಟೆ ಇದೆ. ಅದನ್ನ ಕಕ್ಷಿದಾರರು ಬಿಟ್ಟು ಬೇರೆ ಯಾರೂ ಒಡೆಯೋ ಹಾಗಿಲ್ಲ."

ಲಕೋಟೆಯನ್ನು ಮನೆಯ ಜಗಲಿಯಲ್ಲಿ ಕೂತು ಒಡೆದೆ. ಅವಳ ಅಕ್ಷರ. ಎಡಕ್ಕೆ ವಾಲುವ ಆ ಅಕ್ಷರವನ್ನು ನೋಡುತ್ತಾ ಸ್ವಲ್ಪ ಹೊತ್ತು ಓದದೆ ಕೂತೆ. ಕಕ್ಷಿದಾರ ಒಬ್ಬ ಮುದುಕ ದರ್ಜಿ. ಉಯಿಲು ಬರೆಸಲು ಬಂದಿದ್ದಾನೆ. ಅಂಗಡಿಯನ್ನೂ ಹೊಲಿಗೆಯಂತ್ರಗಳನ್ನೂ ಮಗನಿಗೆ ಬಿಡಬೇಕು. ತನ್ನ ಪಕ್ಕದಲ್ಲೇ ಹದಿನೈದು ವರ್ಷ ಹೊಲಿದ ಮಗಳ ಹೆಸರು ಬೇಡ. ಯಾಕೆಂದು ಕೇಳಿದರೆ ಮಾತು ಹಾರಿಸುತ್ತಾನೆ. ಕಡೆಯಲ್ಲಿ ಗೆರೆ ಎಳೆದು ಹೀಗೆ ಬರೆದಿದ್ದಳು:

"ಗುಟ್ಟು: ಒಂದು ಸಲ ಬಟ್ಟೆ ತಪ್ಪಾಗಿ ಕತ್ತರಿಸಿಹೋಯಿತು. ಗಿರಾಕಿಗಳ ಮುಂದೆ ಮಗಳನ್ನು ಬೈದ. ಅಳತೆ ತಪ್ಪು ಬರೆದವನು ತಾನೇ ಎಂದು ಆಮೇಲೆ ಗೊತ್ತಾಯಿತು. ಹೇಳಲಿಲ್ಲ. ಅವತ್ತಿನಿಂದ ಅವಳ ಮುಖ ನೋಡಲು ನಾಚಿಕೆ. ಇದನ್ನು ಸುಲಭವಾಗಿ ಹೇಳಬಾರದು. ಯಾರಾದರೂ ಪ್ರಶ್ನೆ ಕೇಳಿ, ಕೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೆ ಮಾತ್ರ ಹೇಳುವುದು. ನಡುವೆ ಅವರು ಬಾಯಿ ತೆರೆದರೆ ಇಲ್ಲ."

ಹೆಂಡತಿಗೆ ಓದಿ ಹೇಳಿದೆ. "ನನ್ನನ್ನೇ ಬರೆದಿದ್ದಾಳೋ ಏನೋ" ಎಂದೆ.

"ನಿಮಗೆ ಹೊಲಿಗೆ ಎಲ್ಲಿ ಬರುತ್ತೆ? ಅಂಗಿಯ ಗುಂಡಿ ಹಾಕಿಕೊಳ್ಳೋಕೂ ನಾನೇ ಬೇಕು" ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಒಳಗಿನಿಂದ, "ಬರೆದಿದ್ದರೂ ಕೋಪದಿಂದ ಬರೆದಿಲ್ಲ ಬಿಡಿ" ಎಂದಳು.

ಎರಡನೆಯ ಕ್ಲಾಸಿನ ದಿನ ಮೋಡ ಮುಚ್ಚಿತ್ತು. ಕೊಠಡಿ ನೀರಿನೊಳಗಿದ್ದಂತೆ ಇತ್ತು. ಫ್ಯಾನು ಬಹಳ ದೂರದಲ್ಲಿ ತಿರುಗುತ್ತಿರುವ ಹಾಗೆ. ದುಂಡಿನ ನಡುವೆ ಒಂದು ಮೇಜು. ಒಂದು ಕಡೆ ನಾನು, ಇನ್ನೊಂದು ಕಡೆ ಮೂವರು ವಕೀಲರು: ಸೆಕ್ಷನ್, ತಕರಾರು, ಪಿಸುಮಾತು. ಉಳಿದವರು ಸುತ್ತಲೂ ಕೂತು ಬರೆದುಕೊಳ್ಳುತ್ತಿದ್ದರು.

"ನಮಸ್ಕಾರ ಯಜಮಾನ್ರೇ, ಬನ್ನಿ. ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ?" ಎಂದ ಸೆಕ್ಷನ್.

"ನೀರು ಕುಡೀತೀರಾ ಅಂತಾದರೂ ಕೇಳೋ ಮೊದಲು" ಎಂದಳು ತಕರಾರು.

"ನಾನೇ ಸಂಪಾದಿಸಿದ್ದಪ್ಪ" ಎಂದೆ, ದರ್ಜಿಯಾಗಿ.

"ಸಾಕ್ಷಿಗಳು ಇಬ್ಬರು ಇದ್ದಾರಾ? ಬುದ್ಧಿ ಸ್ವಾಧೀನದಲ್ಲಿದೆಯಾ?"

"ಬುದ್ಧಿ ನನ್ನದು ಸ್ವಾಧೀನದಲ್ಲೇ ಇದೆ. ನಿನ್ನದು?" ಎಂದೆ. ಎಲ್ಲರೂ ನಕ್ಕರು.

ತಕರಾರು ಮುಂದೆ ಬಾಗಿದಳು. "ಮಗಳಿಗೆ ಯಾಕೆ ಏನೂ ಬೇಡ ಅಂತೀರಿ? ಅವಳು ನಿಮ್ಮ ಮಾತು ಕೇಳಲಿಲ್ವಾ? ಮನೆ ಬಿಟ್ಟು ಹೋದಳಾ? ಮಗನೇನಾದರೂ ಹೇಳಿಕೊಟ್ಟನಾ?" ಉತ್ತರಕ್ಕೆ ಜಾಗವೇ ಇರಲಿಲ್ಲ. ನಾನು ತಲೆ ಅಲ್ಲಾಡಿಸುತ್ತಾ ಕೂತೆ. ಅವಳ ಪ್ರಶ್ನೆಗಳು ಒಂದರ ಹಿಂದೊಂದು ಬಂದವು, ನನ್ನ ನೋಟ್ಸಿನ ಹಾಗೆ. ನಾನೂ ಹೀಗೇ ಇದ್ದೆನಲ್ಲ ಎನ್ನಿಸಿತು, ಪ್ರಾರ್ಥನೆಯಲ್ಲಿಯೂ. ಐವತ್ತು ವರ್ಷ ದೇವರಿಗೂ ನಾನು ಬರೆಸುತ್ತಲೇ ಇದ್ದೆ. ಹೇಳಿ ಮುಗಿಸಿ ಎದ್ದುಬಿಡುತ್ತಿದ್ದೆ. ಅವನು ಏನಾದರೂ ಹೇಳುವುದಿತ್ತೇನೋ, ಒಂದು ಗಳಿಗೆ ಕಾದವನಲ್ಲ.

ಅಷ್ಟರಲ್ಲಿ ಇಬ್ಬರ ಪ್ರಶ್ನೆಗಳೂ ಮುಗಿದವು. ಪಿಸುಮಾತು ಪೆನ್ನನ್ನು ಕೆಳಗಿಟ್ಟಳು.

"ಯಜಮಾನ್ರೇ, ನಾವು ಕೇಳದೇ ಇರೋದು ಏನಾದರೂ ಉಳಿದಿದೆಯಾ?" ಎಂದು ಕೇಳಿದಳು. ಕೇಳಿ ಸುಮ್ಮನಾದಳು.

ನಾನು ಎಣಿಸತೊಡಗಿದೆ. ಒಂದು, ಎರಡು. ತಕರಾರು ಏನೋ ಹೇಳಹೊರಟಳು. ಪಿಸುಮಾತು ಅವಳ ಮೊಣಕೈ ಮುಟ್ಟಿದಳು. ಮೂರು, ನಾಲ್ಕು. ಫ್ಯಾನಿನ ಸದ್ದು. ಹೊರಗೆ ಎಲೆ ಅಲ್ಲಾಡಿತು. ಐದು, ಆರು. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಸರವಿಲ್ಲದ, ಸಂಜೆಯವರೆಗೂ ಕಾಯಬಲ್ಲೆ ಎನ್ನುವ ನೋಟ. ನನ್ನನ್ನು ಆ ಬಗೆಯಲ್ಲಿ ನೋಡಿದವಳು ಮನೆಯಲ್ಲಿ ಒಬ್ಬಳಿದ್ದಳು. ಏಳು. ಖಾಲಿ ಕುರ್ಚಿಯ ಮೇಲೆ ಮೋಡದ ಬೆಳಕು ಬಿದ್ದು, ಯಾರೋ ಈಗತಾನೆ ಬಂದು ಕೂತಂತಿತ್ತು. ಎಂಟು, ಒಂಬತ್ತು. ಹತ್ತಕ್ಕೆ ಬಾಯಿ ತೆರೆದೆ. ಹೇಳಬೇಕಾಗಿದ್ದದ್ದು ಕತ್ತರಿಸಿಹೋದ ಬಟ್ಟೆಯ ವಿಷಯ.

"ನನ್ನ ಮಗಳು ಮೂರನೇ ಬೆಂಚಿನಲ್ಲಿ ಕೂರ್ತಿದ್ದಳು" ಎಂದೆ. "ಒಂದು ದಿನ ಕೈ ಎತ್ತಿದಳು. ನಾನು ಬರೆಸ್ತಾ ಇದ್ದೆ. ಪ್ರಶ್ನೆ ಎಲ್ಲಾ ಕೊನೆಗೆ ಅಂದೆ. ಗಂಟೆ ಹೊಡೀತು. ಆ ಕೊನೆ ಬರಲೇ ಇಲ್ಲ. ಮನೆಗೆ ಹೋಗಿ ಒಟ್ಟಿಗೆ ಊಟಕ್ಕೆ ಕೂತ್ವಿ. ಆಗಲಾದರೂ, ಏನಮ್ಮಾ ಅದು ಅಂತ ಕೇಳಬಹುದಾಗಿತ್ತು. ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೇಲಿದ್ವಿ. ಆಮೇಲೆ ಅವಳು ಎಲ್ಲರ ಪ್ರಶ್ನೆಯನ್ನೂ ಕೇಳಿಸಿಕೊಳ್ಳೋ ಒಂದು ಜಾಗ ಮಾಡಿಕೊಂಡಳು. ಅದನ್ನ ನಾನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೆ. ಬನ್ನಿ ಅಪ್ಪ ಅಂತ ಕರೆದಳು. ಹೋಗಲಿಲ್ಲ."

ಸುತ್ತಲೂ ಪೆನ್ನುಗಳು ಓಡುತ್ತಿದ್ದವು. ಗುಟ್ಟು ಸಿಕ್ಕಿತೆಂಬ ಸಂತೋಷದಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮೊದಲು ನಿಲ್ಲಿಸಿದವಳು ತಕರಾರು.

"ಒಂದು ನಿಮಿಷ ಸರ್. ದರ್ಜಿ ಅಂಗಡೀಲಿ ಬೆಂಚು ಎಲ್ಲಿಂದ ಬಂತು? ಗಂಟೆ ಯಾರು ಹೊಡೆದರು?"

ಇಬ್ಬರು ಮೂವರು ನಕ್ಕರು. ಆ ನಗು ನಡುವೆಯೇ ನಿಂತಿತು. ತಕರಾರು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿದೆ.

"ತಪ್ಪಾಯಿತು ಮಕ್ಕಳೇ. ನಿಮ್ಮ ಕಕ್ಷಿದಾರ ಹಾದಿ ತಪ್ಪಿದ. ಪುಟ ಹರಿದು ಹಾಕಿ. ಮುಂದಿನ ಸಲ ಸರಿಯಾಗಿ ಹೇಳ್ತೀನಿ" ಎಂದು ಎದ್ದು ಹೊರಟೆ. ಯಾರೂ ಪುಟ ಹರಿದ ಸದ್ದು ಕೇಳಿಸಲಿಲ್ಲ.

ಮನೆಯಲ್ಲಿ ಎರಡು ದಿನ ಆ ನಾಚಿಕೆಯಲ್ಲೇ ಇದ್ದೆ. ಎಪ್ಪತ್ತನಾಲ್ಕು ವರ್ಷದವನು ಮಕ್ಕಳ ಮುಂದೆ ಹೀಗೆ ಬಿಚ್ಚಿಕೊಳ್ಳಬಹುದೇ? ಮುಖ್ಯಸ್ಥ ಕೇಳಿದ ಎರಡು ಸಾಲನ್ನು ಬರೆಯಲು ಕೂತೆ. 'ಸದರಿ ತರಗತಿಯು' ಎಂದು ಬರೆದು ಅಲ್ಲಿಗೇ ನಿಲ್ಲಿಸಿದೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅರ್ಧಕ್ಕೇ ಮಾತು ನಿಲ್ಲಿಸಿ ಸುಮ್ಮನೆ ಕೂತು ನೋಡಿದೆ. ಉತ್ತರವೇನೂ ಬರಲಿಲ್ಲ. ಆದರೆ ಒಳಗಿನ ಆ ಕೊಠಡಿಯಲ್ಲಿ ಯಾರೂ ಇಲ್ಲವೆನ್ನಿಸಲಿಲ್ಲ.

ಮೂರನೆಯ ಕ್ಲಾಸಿಗೆ ಮುಖ್ಯಸ್ಥನೂ ಬಂದ. ನನ್ನ ಒಪ್ಪಿಗೆಯ ಕಾಗದ ತೆಗೆದುಕೊಂಡು ಹೋಗಲು ಬಂದವನು. ಅಟೆಂಡರ್ ಅವನನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. "ಸಾರಿಗೆ ಇವತ್ತು ಒಳಗಡೆ" ಎಂದು ನನಗೆ ದುಂಡಿನಲ್ಲೇ ಒಂದು ಕುರ್ಚಿ ತೋರಿಸಿದಳು. ಅದು ಮಗಳ ಕುರ್ಚಿಯಲ್ಲ; ಅದರ ಪಕ್ಕದ್ದು. ನೆಲದ ಮೇಲೆ ಹೊಸದಾಗಿ ನಾಲ್ಕು ಚುಕ್ಕೆ ಬಿದ್ದಿತ್ತು. ಬಣ್ಣ ಪೂರ್ತಿ ಆರಿರಲಿಲ್ಲ.

ಕಕ್ಷಿದಾರನ ಮಾತು ಕೇಳಿದ ವಕೀಲರು ಮುಂದಿನ ಕ್ಲಾಸಿಗೆ ದಸ್ತಾವೇಜು ಬರೆದು ತರಬೇಕು. ಅದನ್ನು ಅವನಿಗೆ ಗಟ್ಟಿಯಾಗಿ ಓದಿ, ಒಂದೊಂದು ಕಲಮಿಗೂ ಸರಿಯೇ ಎಂದು ಕೇಳಿ, ಒಪ್ಪಿದರೆ ಸಹಿ ಹಾಕಿಸಬೇಕು. ಇದು ಮಗಳ ನಿಯಮ.

ಪಿಸುಮಾತು ಎದ್ದು ನಿಂತಳು. "ಯಜಮಾನ್ರೇ, ನೀವು ಉಯಿಲಿಗೆ ಅಂತ ಬಂದಿರಿ. ನಿಮ್ಮ ಮಾತೆಲ್ಲಾ ಕೇಳಿದ ಮೇಲೆ ನಿಮಗೆ ಬೇಕಾಗಿರೋದು ಉಯಿಲಲ್ಲ ಅನ್ನಿಸಿತು. ಒಂದು ಹೇಳಿಕೆ ಬರೆದಿದ್ದೀವಿ. ಪುಟ ಹರಿಯೋಕೆ ಮನಸ್ಸು ಬರಲಿಲ್ಲ. ಬೇಡ ಅಂದರೆ ಈಗಲೇ ಹರಿದು ಹಾಕ್ತೀವಿ."

ಮುಖ್ಯಸ್ಥ ಮುಂದಕ್ಕೆ ಬಾಗಿದ. ನಾನು ಓದಮ್ಮ ಎಂದೆ.

ಎಂದಿಗಿಂತ ಗಟ್ಟಿಯಾಗಿ ಓದಿದಳು. "ಒಂದು. ನನ್ನ ಮಗಳು ನನ್ನ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತಿದ್ದಳೆಂದೂ, ಒಂದು ದಿನ ಪ್ರಶ್ನೆ ಕೇಳಲು ಕೈ ಎತ್ತಿದಳೆಂದೂ ಹೇಳುತ್ತೇನೆ. ಸರಿಯಾಗಿದೆಯಾ?"

"ಸರಿಯಾಗಿದೆ."

"ಎರಡು. ಆ ಪ್ರಶ್ನೆಯು ನನಗೆ ಕೇಳಿಸಲಿಲ್ಲ."

"ಅದು ಸರಿಯಲ್ಲ" ಎಂದೆ. "ಕೇಳಿಸಲಿಲ್ಲ ಅಂದರೆ ತಪ್ಪು ನನ್ನ ಕಿವಿಯದಾಗುತ್ತೆ. ನಾನು ಕೇಳಲು ಬಿಡಲಿಲ್ಲ ಅಂತ ಬರಿ."

ಅವಳು ತಿದ್ದಿದಳು. ಸೆಕ್ಷನ್ ತಿದ್ದಿದ ಕಡೆ ನನ್ನ ಸಹಿ ಬೇಕೆಂದ. ತಕರಾರು ಅವತ್ತು ಅವನಿಗೂ ಅಡ್ಡ ಬರಲಿಲ್ಲ. ಮೂರನೆಯ ಕಲಮು ಆ ಪ್ರಶ್ನೆ ಏನೆಂದು ನನಗೆ ಇಂದಿಗೂ ತಿಳಿಯದು ಎಂಬುದು. ನಾಲ್ಕನೆಯದು ಅವಳ ಕ್ಲಾಸನ್ನು ನಾನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ದು. ಐದನೆಯದು ಅವಳು ಕರೆದದ್ದು, ನಾನು ಹೋಗದೇ ಇದ್ದದ್ದು. ಉದ್ಯೋಗ ಎಂಬ ಜಾಗದಲ್ಲಿ ದರ್ಜಿಯೆಂದು ಬರೆಯಲು ಕೈ ಬರದೆ ಖಾಲಿ ಬಿಟ್ಟಿದ್ದರು.

ಪೆನ್ನು ತೆಗೆದುಕೊಂಡು ಅಲ್ಲಿ ಅಧ್ಯಾಪಕ ಎಂದು ಬರೆದೆ. ಕೆಳಗೆ ಜಾಗವಿತ್ತು. ನನ್ನ ಕೈಯಿಂದಲೇ ಆರನೆಯ ಕಲಮು ಸೇರಿಸಿದೆ: "ನನ್ನ ಆರು ನೋಟ್‌ಬುಕ್ಕುಗಳನ್ನು ಅಚ್ಚು ಹಾಕಿಸಬಾರದು. ಮಗಳು ನಡೆಸುತ್ತಿದ್ದ ತರಗತಿ ಅವಳು ನಡೆಸುತ್ತಿದ್ದ ರೀತಿಯಲ್ಲೇ ನಡೆಯಬೇಕು. ಅಂದು ವಿರೋಧಿಸಿದವನು ನಾನು. ಇಂದು ಬೇಡುವವನೂ ನಾನೇ." ಸಹಿ ಹಾಕಿ, ಎದ್ದು ಹೋಗಿ ಮುಖ್ಯಸ್ಥನ ಕೈಗೆ ಕೊಟ್ಟೆ.

"ನೀನು ಕೇಳಿದ ಎರಡು ಸಾಲು ಕೊನೆಯಲ್ಲಿದೆ. ಮೊದಲಿನಿಂದ ಓದಿದರೇ ಅರ್ಥವಾಗೋದು."

ಅವನು ಓದಿದ. ಓದಿ, ಕನ್ನಡಕ ತೆಗೆದು ಒರೆಸಿಕೊಂಡ. "ನಡೆಸೋರು ಯಾರು ಮೇಷ್ಟ್ರೇ?" ಎಂದ ಮೆಲ್ಲಗೆ.

"ಕೆಮ್ಮೋ ಜಾಗ ಯಾವುದು ಅಂತ ನಿನಗೂ ಗೊತ್ತಲ್ಲ, ಅದನ್ನ ಬಿಟ್ಟು ಬೇರೆ ಕಲಿಯೋಣ. ನಾನೂ ಬರ್ತೀನಿ. ನನಗೆ ಒಂದು ಕುರ್ಚಿ ಇದೆ."

ಅವನು ಕಾಗದವನ್ನು ಮಡಿಸಿ ಅಂಗಿಯ ಜೇಬಿಗಿಟ್ಟ. "ಸಮಿತಿಯಲ್ಲಿ ಮೊದಲಿನಿಂದಲೇ ಓದ್ತೀನಿ" ಎಂದ. ಎದ್ದು ಹೋಗಲಿಲ್ಲ; ಅಲ್ಲೇ ಕೂತ.

ನಾನು ದುಂಡಿಗೆ ಮರಳಿದೆ. ಹೊತ್ತು ಆಗುತ್ತಾ ಬಂದಿತ್ತು. ಮರದ ನೆರಳು ಮಗಳ ಕುರ್ಚಿಯನ್ನು ದಾಟಿ ನನ್ನ ಪಾದದವರೆಗೆ ಬಂದಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಆಡದ ಮಾತನ್ನು ಆಡಿದೆ.

"ಯಾರಿಗಾದರೂ ಏನಾದರೂ ಕೇಳೋದಿದೆಯಾ?"

ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಪಕ್ಕದ ಕುರ್ಚಿಯ ಕಡೆ ತಿರುಗಿ ನೋಡಲಿಲ್ಲ. ಅಲ್ಲಿ ಒಂದು ಕೈ ಮೇಲೇಳುತ್ತಿರುವ ಹಾಗೆ ಇತ್ತು. ಆರು, ಏಳು. ಕಾರಿಡಾರಿನಲ್ಲಿ ಗಂಟೆ ಹೊಡೆಯಿತು. ಪಕ್ಕದ ಕೊಠಡಿಗಳಲ್ಲಿ ಬೆಂಚು ಎಳೆದ ಸದ್ದು, ಕಾಲುಗಳ ಸದ್ದು. ನಮ್ಮಲ್ಲಿ ಯಾರೂ ಏಳಲಿಲ್ಲ. ಬಾಗಿಲಲ್ಲಿ ಅಟೆಂಡರ್ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು, ಅವಳೂ ಕಾಯುತ್ತಿದ್ದಳು. ಎಂಟು ಎಂದು ಎಣಿಸಿ, ನಾನು ಒಂಬತ್ತಕ್ಕೆ ಹೋದೆ.